ಸೋಮವಾರದ ಗುಳಿಗೆ, ಶುಕ್ರವಾರದ ಗುಳಿಗೆ

ಹುಮನಾಬಾದಿನ ಮನೆಯಲ್ಲಿ ಗಯಾಬಾಯಿಯ ತಲೆ ಬಾಚುವ ಕೆಲಸ ಮೊಮ್ಮಗಳು ಸ್ನೇಹಲ್‌ಗೆ ಬಿದ್ದಿತ್ತು. ಕಾಲೇಜಿನ ಗಡಿಬಿಡಿಯಲ್ಲಿ ಅವಳು ಬೆಳಗ್ಗೆ ಎಂಟಕ್ಕೆ ಅಜ್ಜಿಯನ್ನು ಹೊಸ್ತಿಲ ಹತ್ತಿರ ಕೂರಿಸಿಕೊಂಡು, ಎಣ್ಣೆ ಹಚ್ಚಿ, ಹಣಿಗೆ ಎಳೆದು, ತುರುಬು ಕಟ್ಟಿ ಏಳುತ್ತಿದ್ದಳು. ಹತ್ತು ನಿಮಿಷದ ಕೆಲಸ. ಜೂನ್ ಮುಗಿಯುವ ಹೊತ್ತಿಗೆ ಅದು ಮೂರು ನಿಮಿಷಕ್ಕೆ ಇಳಿದಿತ್ತು, ಯಾಕೆಂದರೆ ಬಾಚಲು ಅಷ್ಟು ಉಳಿದಿರಲಿಲ್ಲ.

“ಆಯಿ, ನಿನ್ನೆಕಿಂತ ಇವತ್ತ ಜಾಸ್ತಿ ಬಂದಾವ ನೋಡು.”

“ಬರ್ಲಿ ಬಿಡು. ಗುಳಿಗಿಗೆ ಕೂದ್ಲ ಉದುರ್ತಾವ ಅಂತ ಡಾಕ್ಟರ್ ಮೊದಲಾ ಹೇಳ್ಯಾರ.”

“ಜರಾ ಉದುರ್ತಾವ ಅಂದಿದ್ರು. ಇದು ಜರಾ ಏನು?”

“ಗಂಟ ಹಾಕು, ನಡಿ. ನಿನ್ನ ಬಸ್ ಹೋಗ್ತದ.”

ಹೊಲಿಗೆ ಮಷಿನ್ ಮುಂದೆ ಕೂತಿದ್ದ ಸೊಸೆ ಮನೀಷಾ ಕಾಲು ನಿಲ್ಲಿಸದೆ ಕೈ ಚಾಚಿದಳು. ಸ್ನೇಹಲ್ ಹಣಿಗೆಯಿಂದ ಬಿಡಿಸಿದ ಕೂದಲಿನ ಉಂಡೆಯನ್ನು ತಾಯಿಯ ಕೈಗಿಟ್ಟಳು. ಮನೀಷಾ ಅದನ್ನು ಬಾಗಿಲ ಹಿಂದೆ ನೇತುಹಾಕಿದ್ದ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದಳು. ಓಣಿಗೆ ತಿಂಗಳಿಗೊಮ್ಮೆ ಕೂದಲು ತೆಗೆದುಕೊಂಡು ಪಾತ್ರೆ ಕೊಡುವ ಹೆಂಗಸು ಬರುತ್ತಾಳೆ. ಮನೆಯ ಮೂರು ಹೆಣ್ಣುಮಕ್ಕಳ ಕೂದಲು ಸೇರಿದರೂ ವರ್ಷಕ್ಕೊಂದು ಚಮಚ ಸಿಕ್ಕರೆ ಹೆಚ್ಚು ಎನ್ನುವ ವ್ಯಾಪಾರ ಅದು. ಈ ವರ್ಷ ಎರಡೇ ತಿಂಗಳಲ್ಲಿ ಮುಚ್ಚಳದ ಸ್ಟೀಲ್ ಡಬ್ಬಿಯೇ ಬಂದಿತ್ತು. ಅರವತ್ತೆರಡರಲ್ಲೂ ಮುಷ್ಟಿಗೆ ನಿಲುಕದ ತುರುಬು ಗಯಾಬಾಯಿಯದು, ಅದು ಆ ಡಬ್ಬಿಗೆ ಹೋಯಿತು.

ಕೂದಲು ಹೋದದ್ದಕ್ಕೆ ಗಯಾಬಾಯಿಗೆ ದುಃಖವಿರಲಿಲ್ಲ ಎಂದರೆ ಸುಳ್ಳು. ಆದರೆ ಅವಳು ಕೂದಲು ಮತ್ತು ಬೆರಳನ್ನು ಪಕ್ಕಪಕ್ಕ ಇಟ್ಟು ನೋಡಿ ಬೆರಳನ್ನು ಆರಿಸಿಕೊಂಡಿದ್ದಳು. ಎರಡು ವರ್ಷದ ಹಿಂದೆ ಅವಳ ಕೈ ನಿಂತೇಹೋಗಿತ್ತು. ಬೆಳಗ್ಗೆ ಎದ್ದರೆ ಬೆರಳು ಮಡಚುತ್ತಿರಲಿಲ್ಲ, ಮಡಚಿದರೆ ಬಿಚ್ಚುತ್ತಿರಲಿಲ್ಲ. ತಾಟಿನಲ್ಲಿನ ರೊಟ್ಟಿ ಮುರಿಯಲು ಒಬ್ಬರು ಬೇಕು, ಸೀರೆಯ ನೆರಿಗೆ ಹಿಡಿಯಲು ಒಬ್ಬರು ಬೇಕು. ಆಗ ಅವಳು ಎಲ್ಲಿರಬೇಕು ಎಂಬ ಮಾತು ಬಂದಾಗಲೆಲ್ಲ ಮಗ ಧನರಾಜ ಬಸವಕಲ್ಯಾಣದಲ್ಲಿ ಅಕ್ಕನ ಮನೆ ದೊಡ್ಡದು ಎನ್ನುತ್ತಿದ್ದ. ಮಗಳು ಜಗದೇವಿ ಹುಮನಾಬಾದಿನಲ್ಲಿ ದವಾಖಾನೆ ಹತ್ತಿರ ಎನ್ನುತ್ತಿದ್ದಳು. ಇಬ್ಬರೂ ಸುಳ್ಳು ಹೇಳಿದ್ದಲ್ಲ. ಎರಡು ಊರಿನ ನಡುವೆ ಬಸ್ಸಿನಲ್ಲಿ ಒಂದು ತಾಸಿನ ದಾರಿ, ಆ ಒಂದು ತಾಸನ್ನು ದಾಟಿ ಬಂದು ಕರೆದವರು ಯಾರೂ ಇರಲಿಲ್ಲ. ಕೊನೆಗೆ ಮಗನ ಮನೆ ಎಂಬ ಕಾರಣಕ್ಕೆ ಅವಳು ಹುಮನಾಬಾದಿನಲ್ಲೇ ಉಳಿದಳು.

ಹದಿನೈದು ದಿನಕ್ಕೊಮ್ಮೆ ಊರಿಗೆ ಬಂದು ಹೋಗುವ ಕೀಲಿನ ಡಾಕ್ಟರರು ಸಣ್ಣ ಹಳದಿ ಗುಳಿಗೆ ಬರೆದುಕೊಟ್ಟದ್ದು ಹೋದ ದೀಪಾವಳಿ ಆದಮೇಲೆ.

“ಇದು ದಿನಾ ನುಂಗೋ ಗುಳಿಗಿ ಅಲ್ರಿ,” ಎಂದಿದ್ದರು ಡಾಕ್ಟರರು. “ವಾರಕ್ಕ ಒಮ್ಮೆ, ಒಂದಾ ದಿನ. ಸೋಮವಾರ ಅಂತ ಇಟ್ಕೊಳ್ರಿ. ತಿಂಗಳಿಗೊಮ್ಮೆ ರಕ್ತ ತಪಾಸ ಮಾಡಸ್ರಿ. ಕೂದ್ಲ ಜರಾ ಉದುರಬಹುದು, ಅದಕ್ಕ ಗಾಬರಿ ಆಗಬ್ಯಾಡ್ರಿ.”

ಗುಳಿಗೆಯ ಪಟ್ಟಿಯನ್ನು ಒತ್ತಿ ಬಿಡಿಸುವ ಶಕ್ತಿ ಗಯಾಬಾಯಿಯ ಬೆರಳಿಗೆ ಇರಲಿಲ್ಲ. ಸೋಮವಾರ ರಾತ್ರಿ ಊಟವಾದಮೇಲೆ ಮನೀಷಾ ಒತ್ತಿ ಕೊಡುತ್ತಿದ್ದಳು, ಸ್ನೇಹಲ್ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆಯುತ್ತಿದ್ದಳು. ಸಂಕ್ರಾಂತಿಗೆ ಬೆರಳು ಅರ್ಧ ಬಿಚ್ಚಿದವು. ಯುಗಾದಿಗೆ ಗಯಾಬಾಯಿ ರೊಟ್ಟಿ ಬಡಿದಳು. ಮೊದಲ ರೊಟ್ಟಿ ಅಂಚು ಹರಿದು ಬಂತು, ನಾಲ್ಕನೆಯದು ತಾಟಿನಗಲ ಬಂತು.

ಸುದ್ದಿ ಬಸವಕಲ್ಯಾಣಕ್ಕೆ ಮುಟ್ಟಲು ತಡವಾಗಲಿಲ್ಲ. ಜಗದೇವಿಯದು ಖಡಕ್ ರೊಟ್ಟಿಯ ಧಂದೆ. ಮದುವೆ ಮುಂಜಿವೆಗಳಿಗೆ, ಹೈವೇ ಮೇಲಿನ ಖಾನಾವಳಿಗಳಿಗೆ ಅವಳು ನೂರುಗಟ್ಟಲೆ ರೊಟ್ಟಿ ಮಾಡಿಕೊಡುತ್ತಿದ್ದಳು, ಗಂಡ ಅಶೋಕಕುಮಾರ ತನ್ನ ಮಾಲಿನ ಆಟೋದಲ್ಲಿ ಮುಟ್ಟಿಸುತ್ತಿದ್ದ. ಬಡಿಯುವ ಕೈ ಎಷ್ಟಿದ್ದರೂ ಸಾಲದ ಕೆಲಸ. ಇತ್ತ ಮನೀಷಾ ಶಾಲೆಯ ಯೂನಿಫಾರಂ ಹೊಲಿಯುತ್ತಾಳೆ, ಮೇ ತಿಂಗಳು ಬಂತೆಂದರೆ ಅವಳಿಗೆ ಒಲೆ ಕಡೆ ನೋಡಲೂ ಪುರಸೊತ್ತಿಲ್ಲ. ಕೈ ಬಿದ್ದಾಗ ಇಬ್ಬರಿಗೂ ಭಾರವಾಗಿದ್ದವಳು, ಕೈ ಎದ್ದಮೇಲೆ ಇಬ್ಬರಿಗೂ ತಾಯಿಯಾದಳು.

“ಅವ್ವ ಏನು ನಿನಗೊಬ್ಬನಿಗೇ ಅವ್ವ ಏನೋ ಧನರಾಜ?” ಎಂದು ಜಗದೇವಿ ಫೋನಿನಲ್ಲಿ ಕೇಳಿದಳು.

“ಹಂಗ ಯಾರ ಅಂದಾರ ಅಕ್ಕ? ಎರಡ್ ವರ್ಷ ಇಲ್ಲೇ ಇದ್ಳು. ಆಗ ಈ ಮಾತು ಬರಲಿಲ್ಲಲ್ಲ?”

ಜಗಳ ಎರಡು ವಾರ ನಡೆದು, ಅಶೋಕಕುಮಾರ ವಾರವನ್ನೇ ಹಂಚಿಕೊಟ್ಟ. ಭಾನುವಾರದಿಂದ ಬುಧವಾರದ ತನಕ ಮಗನ ಮನೆ, ಬುಧವಾರ ಮಧ್ಯಾಹ್ನದ ಬಸ್ಸಿಗೆ ಹೊರಟು ಶನಿವಾರದ ತನಕ ಮಗಳ ಮನೆ. ಗಯಾಬಾಯಿಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವಳು ಹೂಂ ಅನ್ನುವವಳೇ, ಇನ್ನೊಬ್ಬರಿಗೆ ಬೇಕಾಗುವುದು ಎಂದರೆ ಏನೆಂದು ಎರಡು ವರ್ಷದ ಮೇಲೆ ಮತ್ತೆ ನೋಡುತ್ತಿದ್ದಳು.

ಕೆಟ್ಟದ್ದು ಸುರುವಾದದ್ದು ಮೇ ತಿಂಗಳ ಒಂದು ಸೋಮವಾರದಿಂದ. ಮನೀಷಾಳ ತಾಯಿಗೆ ಜ್ವರ ಬಂದು ಅವಳು ದುಬಲಗುಂಡಿಗೆ ಹೋಗಿದ್ದಳು, ಗುಳಿಗೆಯ ನೆನಪು ಯಾರಿಗೂ ಆಗಲಿಲ್ಲ. ಆ ಒಂದೇ ವಾರ. ಗಯಾಬಾಯಿ ಅದನ್ನು ಬಸವಕಲ್ಯಾಣದಲ್ಲಿ ರೊಟ್ಟಿ ಬಡಿಯುತ್ತ ಮಾತಿಗೆ ಮಾತು ಬಂದು ಹೇಳಿಬಿಟ್ಟಳು. ಹೇಳಿದ ಮರುಗಳಿಗೆಯೇ ಹೇಳಬಾರದಿತ್ತು ಅನ್ನಿಸಿತು.

“ನನಗ ಗೊತ್ತಿತ್ತು,” ಎಂದಳು ಜಗದೇವಿ. “ತನ್ನ ತವರಿಗೆ ಓಡೋಕಿಗೆ ನಿನ್ನ ಗುಳಿಗಿ ಎಲ್ಲಿಂದ ನೆನಪಿರ್ತದ?”

“ಒಂದಾ ಸಲ ಮರ್ತಾಳವ್ವ. ಅವರ ಅವ್ವಗ ಆರಾಮಿದ್ದಿಲ್ಲ.”

“ನಿನಗ ಗೊತ್ತಾಗಿದ್ದು ಒಂದು. ಗೊತ್ತಾಗದ್ದು ಎಷ್ಟೋ.”

ಡಾಕ್ಟರರ ಚೀಟಿಯ ಫೋಟೋ ಜಗದೇವಿಯ ಮೊಬೈಲಿನಲ್ಲಿತ್ತು. ಅದನ್ನು ತೋರಿಸಿ ಅವಳು ಅದೇ ಹಳದಿ ಗುಳಿಗೆಯ ಪಟ್ಟಿ ತಂದಳು. ಮರುವಾರ ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಒಂದು ಒತ್ತಿ ತಾಯಿಯ ಅಂಗೈಗೆ ಹಾಕಿದಳು.

“ಸೋಮವಾರ ತಗೊಂಡೀನಿ ಜಗ್ಗಿ. ಈ ವಾರ ಮನೀಷಾ ಕೊಟ್ಟಾಳ.”

“ಖರೆ ಹೇಳು. ಸೊಸಿನ ಮುಚ್ಚಿಟ್ಕೊಂಡು ಬರಬ್ಯಾಡ.”

“ಖರೇನಾ ಹೇಳಾಕತ್ತೇನಿ.”

“ಹೋದ ವಾರ ತಪ್ಪಿದ್ದು ಅಂತ ತಿಳ್ಕೊಂಡು ನುಂಗು. ಕೈ ಮತ್ತ ಹಿಡಕೊಂಡ್ರ ಯಾರು ನೋಡ್ತಾರ?”

ಆ ಕೊನೆಯ ಮಾತಿಗೆ ಗಯಾಬಾಯಿ ನೀರಿನ ಲೋಟ ಎತ್ತಿಕೊಂಡಳು. ನುಂಗಿದಳು. ಮುಂದಿನ ಶುಕ್ರವಾರವೂ ಮಗಳು ಒತ್ತಿ ಕೊಟ್ಟಳು. “ಅಲ್ಲಿ ಹೇಳಬ್ಯಾಡ, ಸುಮ್ಮ ಜಗಳ ಆಗ್ತದ,” ಎಂದಳು. ಬೇಡವೆಂದರೆ ಸೊಸೆಯ ಕಡೆಯವಳಾಗಬೇಕು, ಅತ್ತ ಹೋಗಿ ಹೇಳಿದರೆ ಮಗಳ ಮೇಲೆ ಚಾಡಿ ಹೇಳಿದಂತಾಗಬೇಕು. ಹೀಗೆ ಸೋಮವಾರ ಒಂದು, ಶುಕ್ರವಾರ ಒಂದು ಹೋಗತೊಡಗಿದವು. ಗುಳಿಗೆ ಹೆಚ್ಚಾದರೆ ಬೆರಳು ಇನ್ನೂ ಚೊಲೊ ಆದಾವು ಎಂದು ಅವಳು ಒಳಗೊಳಗೇ ಅಂದುಕೊಂಡದ್ದೂ ಉಂಟು. ಮುದುಕಿಯ ಪಾಲಿನ ತಪ್ಪು ಅಷ್ಟು.

ಜುಲೈ ಹೊತ್ತಿಗೆ ನೆತ್ತಿಯ ಚರ್ಮ ಕಾಣತೊಡಗಿತು. ಎರಡು ಮನೆಯವರಿಗೂ ಕೂದಲು ಕಂಡಿತು, ಎರಡು ಮನೆಯವರೂ ಅದಕ್ಕೆ ಇನ್ನೊಂದು ಮನೆಯಲ್ಲಿ ಕಾರಣ ಹುಡುಕಿದರು.

“ನಿಮ್ಮ ಬೋರಿನ ನೀರು ಭಾಳ ಸವಳು ಅದ ಮನೀಷಾ. ಅವ್ವನ ತಲಿ ನೋಡಿದೇನು?” ಎಂದು ಜಗದೇವಿ ಫೋನ್ ಮಾಡಿದಳು.

“ಅದಾ ನೀರಿನಾಗ ನಾವೂ ತಲಿ ತೊಳ್ಕೊತೀವ್ರಿ ಅಕ್ಕೋರ. ನಮ್ಮವು ಅದಾವಲ್ಲ. ನಿಮ್ಮಲ್ಲಿ ಮೂರ್ ಮೂರ್ ತಾಸು ಒಲಿ ಮುಂದ ಕುಂಡರಸ್ತೀರಿ. ಬೆವರಿಗೆ ಬುಡಾ ಕೊಳೀತಾವ.”

“ನಾ ಕುಂಡರಸೋದಿಲ್ಲ. ಅವಳಾ ಕುಂಡರ್ತಾಳ.”

“ನಮ್ಮಲ್ಲೂ ಅಡಿಗಿ ಅವರಾ ಮಾಡ್ತೀನಿ ಅಂತಾರ್ರಿ. ನಾವೇನ್ ಹಗ್ಗಾ ಹಚ್ಚಿ ಜಗ್ಗೀವೇನು?”

ಬಸವಕಲ್ಯಾಣದಲ್ಲಿ ಉಳ್ಳಾಗಡ್ಡಿ ರಸ ಹಚ್ಚಿದರು. ಹುಮನಾಬಾದಿನಲ್ಲಿ ಅದರ ವಾಸನೆ ತಾಳದೆ ತೊಳೆದು ಬೇರೆ ಶಾಂಪೂ ಹಾಕಿದರು. ಜಗದೇವಿಯ ನೆರೆಮನೆಯ ಸಂಗಮ್ಮ ದೃಷ್ಟಿ ಎಂದು ಉಪ್ಪು ಮೆಣಸಿನಕಾಯಿ ಇಳಿತೆಗೆದಳು. ಇಷ್ಟೆಲ್ಲ ಆರೈಕೆ ಗಯಾಬಾಯಿ ತನ್ನ ಮದುವೆಯಲ್ಲೂ ಕಂಡಿರಲಿಲ್ಲ.

ಆ ನಡುವೆ ಒಂದು ಖಾನಾವಳಿಯಿಂದ ರೊಟ್ಟಿಯ ಕಟ್ಟೊಂದು ತಿರುಗಿ ಬಂತು. ರೊಟ್ಟಿಯಲ್ಲಿ ಕೂದಲು ಸಿಕ್ಕಿತ್ತು, ಉದ್ದನೆಯ ಅರೆಬಿಳಿ ಕೂದಲು. ಅದು ಯಾರದೆಂದು ಕೇಳುವ ಹಾಗೇ ಇರಲಿಲ್ಲ. ಮರುದಿನ ಕೆಲಸಕ್ಕೆ ಬರುವ ಹೆಂಗಸರ ಮುಂದೆಯೇ ಜಗದೇವಿ ತಾಯಿಯ ತಲೆಗೆ ಹಳೆಯ ಓಢಣಿ ಬಿಗಿಯಾಗಿ ಕಟ್ಟಿದಳು.

“ಜರಾ ಸಡಲ ಕಟ್ಟವ್ವ. ಕಿವಿ ನೋಯ್ತಾವ.”

“ಸಡಲ ಆದ್ರ ಮತ್ತ ಬೀಳ್ತಾವ. ಗಿರಾಕಿ ಹೋದ್ರ ನೀ ತಂದ್ ಕೊಡ್ತಿಯೇನು?”

ಗಯಾಬಾಯಿಗೆ ಅವತ್ತು ನಾಚಿಕೆಯಾಯಿತು. ಹೆಂಗಸರು ತಲೆ ತಗ್ಗಿಸಿ ಹಿಟ್ಟು ನಾದಿದರು. ಅವಳೂ ತಗ್ಗಿಸಿ ಬಡಿದಳು.

ಎಲ್ಲರ ಕಣ್ಣೂ ತಲೆಯ ಮೇಲಿತ್ತು, ಆದ್ದರಿಂದ ಬಾಯಿಯನ್ನು ಯಾರೂ ನೋಡಲಿಲ್ಲ. ನಾಲಿಗೆಯ ಅಂಚಿಗೆ, ತುಟಿಯ ಒಳಗೆ ಹುಣ್ಣಾಗಿದ್ದವು. ಶೇಂಗಾ ಹಿಂಡಿಯ ಖಾರವಿಲ್ಲದೆ ಒಂದು ತುತ್ತು ಇಳಿಯದ ಹೆಂಗಸು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗತೊಡಗಿದಳು.

“ಅಕ್ಕೋರ ಮನ್ಯಾಗ ಹಾಲು ರೊಟ್ಟಿ ರೂಢಿ ಮಾಡ್ಯಾರೇನು?” ಎಂದು ಮನೀಷಾ ಗಂಡನ ಮುಂದೆ ಅಂದಳು. “ನಾ ಪುಂಡಿಪಲ್ಯ ಮಾಡಿದ್ರ ಮುಟ್ಟಲಿಲ್ಲ.”

“ಅತ್ತಿ ಯಾಕ ಹಿಂಗ ಸೊರಗಾಕತ್ತಾರ?” ಎಂದು ಅಶೋಕಕುಮಾರ ಹೆಂಡತಿಯ ಮುಂದೆ ಅಂದ. “ಅಲ್ಲಿ ಹೊಟ್ಟಿಗೆ ಬರೋಬ್ಬರಿ ಹಾಕ್ತಾರೋ ಇಲ್ಲೋ?”

ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಬುಧವಾರದ ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಗಯಾಬಾಯಿ ಕಂಬ ಹಿಡಿದು ಕೆಳಗೇ ಕೂತುಬಿಡುತ್ತಿದ್ದಳು. ಎಂಟು ತಿಂಗಳಲ್ಲಿ ರಕ್ತದ ತಪಾಸಣೆ ಎಷ್ಟು ಸಲ ಆಯಿತು ಎಂದು ಯಾರಾದರೂ ಕೇಳಿದ್ದರೆ ಅಲ್ಲಿಗೇ ಸತ್ಯ ಹೊರಬೀಳುತ್ತಿತ್ತು. ಮೊದಲ ನಾಲ್ಕು ತಿಂಗಳು ಧನರಾಜ ಕರೆದುಕೊಂಡು ಹೋಗಿದ್ದ. ಅವನು ಮೋಟಾರ್ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ಅರ್ಧ ದಿನ ರಜೆ ಕೇಳಿದರೆ ಮಾಲಕರು ಮುಖ ಗಂಟಿಕ್ಕುತ್ತಾರೆ. ವಾರ ಹಂಚಿದ ಮೇಲೆ ಅಕ್ಕ ಮಾಡಿಸಿರಬೇಕು ಎಂದು ಅವನು ತಿಳಿದ. ತಮ್ಮ ಮಾಡಿಸುತ್ತಾನೆ ಎಂದು ಅಕ್ಕ ತಿಳಿದಳು. ಗುಳಿಗೆ ಎರಡೂ ಮನೆಯವರು ಕೊಟ್ಟರು, ರಕ್ತ ಒಂದು ಮನೆಯವರೂ ತೋರಿಸಲಿಲ್ಲ. ಗುಳಿಗೆ ಒತ್ತಿ ಕೊಡಲು ಅರ್ಧ ನಿಮಿಷ ಸಾಕು, ರಕ್ತಕ್ಕೆ ಅರ್ಧ ದಿನ ಬೇಕು.

ಶ್ರಾವಣ ಬಂತು. ಪಂಚಮಿಗೆ ಜಗದೇವಿ ಉಂಡಿಯ ಡಬ್ಬಿ ಹಿಡಿದು ಗಂಡನ ಆಟೋದಲ್ಲೇ ತವರಿಗೆ ಬಂದಳು. ನಾಗಪ್ಪನಿಗೆ ಹಾಲೆರೆದು ಬಂದು ಎಲ್ಲರೂ ಊಟಕ್ಕೆ ಕೂರುವ ಮೊದಲು, ಹಬ್ಬದ ದಿನ ತಾಯಿಗೆ ತಾನೇ ಹೆರಳು ಹಾಕುತ್ತೇನೆಂದು ಹಣಿಗೆ ಕೇಳಿದಳು. ಹೆರಳು ಹಾಕುವಷ್ಟು ಕೂದಲಿರಲಿಲ್ಲ. ಇದ್ದದ್ದರಲ್ಲೂ ಒಂದು ಹಿಡಿ ಹಣಿಗೆಗೆ ಬಂತು. ಅದನ್ನು ಎಲ್ಲಿ ಹಾಕಲಿ ಎಂದು ಆಚೀಚೆ ನೋಡಿದವಳಿಗೆ ಬಾಗಿಲ ಹಿಂದಿನ ಚೀಲ ಕಂಡಿತು.

“ಇದೇನು?”

“ಪಾತ್ರಿಯಾಕಿಗೆ ಕೊಡ್ತೀವಲ್ಲ ಅತ್ತಿ, ಅದು,” ಎಂದಳು ಸ್ನೇಹಲ್. “ಹೋದ ತಿಂಗಳು ಡಬ್ಬಿ ಕೊಟ್ಳು. ಸಕ್ಕರಿ ಹಾಕೀವಿ.”

ಜಗದೇವಿ ಒಳಗೆ ಹೋಗಿ ಡಬ್ಬಿ ಎತ್ತಿ ತಂದು ಎಲ್ಲರ ನಡುವೆ ಇಟ್ಟಳು.

“ನೋಡೋ ಧನರಾಜ. ನಮ್ಮವ್ವನ ತಲಿ ಬೋಳಿಸಿ ನಿನ್ನ ಹೇಣ್ತಿ ಡಬ್ಬಿ ತಗೊಂಡಾಳ.”

“ಅಕ್ಕೋರ, ಮಾತು ಜರಾ ನೋಡಿ ಆಡ್ರಿ,” ಎಂದಳು ಮನೀಷಾ. ಅವಳ ಕೈಯಲ್ಲಿ ಉಸಳಿಯ ಪಾತೇಲಿ ಇತ್ತು. “ಉದುರಿದ್ದು ಕೊಟ್ಟೀವಿ. ಕಿತ್ತು ಕೊಟ್ಟಿಲ್ಲ.”

“ಉದುರೂ ಹಂಗ ಮಾಡಿದೋರು ಯಾರು? ಗುಳಿಗಿ ಹೊತ್ತಿಗೆ ಕೊಡೋದಿಲ್ಲ, ಹೊಟ್ಟಿಗೆ ಹಾಕೋದಿಲ್ಲ.”

“ಗುಳಿಗಿ ಕೊಡೋದಿಲ್ಲಾ?” ಮನೀಷಾ ಪಾತೇಲಿ ಕೆಳಗಿಟ್ಟಳು. “ನನ್ನ ಅವ್ವಗ ಆರಾಮಿಲ್ಲದಾಗ ಒಂದ್ ಸಲ ಬಿಟ್ಟೀನಿ. ಅದೊಂದು ಬಿಟ್ರ ಒಂದು ಸೋಮವಾರ ತಪ್ಪಿಸಿಲ್ಲ. ಸ್ನೇಹಲ್, ಕ್ಯಾಲೆಂಡರ್ ತಂದು ನಿಮ್ಮ ಅತ್ತಿಯೋರಿಗೆ ತೋರಿಸು.”

ಸ್ನೇಹಲ್ ಮೊಳೆಯಿಂದ ಕ್ಯಾಲೆಂಡರ್ ಬಿಡಿಸಿ ತಂದಳು. ಜೂನ್, ಜುಲೈ, ಆಗಸ್ಟ್. ಸೋಮವಾರ ಸೋಮವಾರ ನೀಲಿ ಗೆರೆ.

“ಗೆರಿ ಯಾರ್ ಬೇಕಾದ್ರ ಹೊಡೀತಾರ,” ಎಂದಳು ಜಗದೇವಿ. ಆದರೆ ದನಿ ಸ್ವಲ್ಪ ಇಳಿದಿತ್ತು.

“ನಾನಾ ಹೊಡದೀನಿ ಅತ್ತಿ. ಆಯಿ ನುಂಗಿದ್ದು ನೋಡಿ ಹೊಡೀತೀನಿ.”

“ಹಂಗಾದ್ರ ನಾ ಮೂರ್ ತಿಂಗಳಿಂದ ಶುಕ್ರವಾರ ಶುಕ್ರವಾರ ಕೊಟ್ಟಿದ್ದು?” ಎಂದಳು ಜಗದೇವಿ. “ನಾನೂ ಒಂದು ಶುಕ್ರವಾರ ತಪ್ಪಿಸಿಲ್ಲ.”

ಮಾತು ಬಾಯಿಂದ ಬಿದ್ದ ಮೇಲೆ ಅದರ ಅರ್ಥ ಅವಳಿಗೇ ಹೊಳೆಯಲು ಒಂದು ಗಳಿಗೆ ಹಿಡಿಯಿತು. ಧನರಾಜ ಅಕ್ಕನ ಮುಖ ನೋಡಿದ. ಅಶೋಕಕುಮಾರ ಹೆಂಡತಿಯ ಮುಖ ನೋಡಿದ. ಹೊಡೆದಾಡಲು ಎದ್ದ ಇಬ್ಬರೂ ಹೆಂಗಸರು ಗೆದ್ದಿದ್ದರು, ಆ ಮೂರು ತಿಂಗಳಲ್ಲಿ ಒಬ್ಬಳೂ ಒಂದು ವಾರ ತಪ್ಪಿಸಿರಲಿಲ್ಲ.

“ಯಾವ ಶುಕ್ರವಾರ?” ಎಂದ ಧನರಾಜ. “ವಾರಕ್ಕ ಎರಡ್ ಆಯ್ತಲ್ಲ ಅಕ್ಕ. ಒಂದಾ ದಿನ ಅಂತ ಡಾಕ್ಟರ್ ಬಡಕೊಂಡಿದ್ರು.”

“ಇಲ್ಲಿ ಕೊಡೋದಿಲ್ಲ ಅಂತ ತಿಳದಿದ್ದೆ ನಾ.”

“ಕೇಳಬೇಕಿಲ್ಲೋ?”

“ನೀ ಒಂದಿನ ಫೋನ್ ಮಾಡಿ ಹೇಳಬೇಕಿಲ್ಲೋ?”

ಆಮೇಲೆ ಎಲ್ಲರಿಗೂ ಒಟ್ಟಿಗೇ ನೆನಪಾಯಿತು, ಎರಡೂ ಗುಳಿಗೆ ನುಂಗಿದವಳು ಅಲ್ಲೇ ಕೂತಿದ್ದಾಳೆಂದು. ನಾಲ್ಕು ಜನ ಒಮ್ಮೆಲೇ ಅವಳ ಕಡೆ ತಿರುಗಿದರು.

“ಅವ್ವ, ನಿನಗ ಗೊತ್ತಿತ್ತಲ್ಲ?” ಎಂದಳು ಜಗದೇವಿ. “ಬಾಯಿ ಬಿಟ್ಟು ಹೇಳಾಕ ಏನಾಗಿತ್ತು?”

“ಹೇಳಿದ್ದೆ. ಸೋಮವಾರ ತಗೊಂಡೀನಿ ಅಂತ ಮೊದಲನೇ ದಿನಾ ಹೇಳಿದ್ದೆ. ಸೊಸಿನ ಮುಚ್ಚಿಟ್ಕೋಬ್ಯಾಡ ಅಂದಿ.”

“ನನಗರ ಹೇಳಬೇಕಿತ್ತಿಲ್ರಿ ಅತ್ತಿ?” ಎಂದಳು ಮನೀಷಾ.

“ನಿನಗ ಹೇಳಿದ್ರ ಇದಾ ಆಗ್ತಿತ್ತು. ಈಗ ಆಗಾಕತ್ತದಲ್ಲ, ಇದಾ.”

ಹಬ್ಬದ ದಿನ ಊಟ ತಣ್ಣಗಾಗುತ್ತಿದೆ ಎಂದು ಗಯಾಬಾಯಿಯೇ ಉಂಡಿಯೊಂದನ್ನು ತೆಗೆದು ಬಾಯಿಗೆ ಹಾಕಿದಳು. ಎರಡು ಸಲ ಅಗಿದು ನಿಲ್ಲಿಸಿದಳು. ಸ್ನೇಹಲ್ ಅಂಗೈ ಒಡ್ಡಿದಳು. ಅಜ್ಜಿ ಉಗುಳಿದ ಉಂಡಿಯಲ್ಲಿ ರಕ್ತವಿತ್ತು.

“ಆಯಿ, ಬಾಯಿ ತೆಗಿ. ಆ ಅನ್ನು.”

ಮೊಬೈಲಿನ ಬೆಳಕು ಹಾಕಿ ನೋಡಿದ ಧನರಾಜ ಭಾವನಿಗೆ ಆಟೋ ತೆಗೆಯಲು ಹೇಳಿದ. ನಾಲಿಗೆ, ತುಟಿ, ಗಲ್ಲದ ಒಳಗೆಲ್ಲ ಹುಣ್ಣು. ರೊಟ್ಟಿಯ ಮೂಟೆ ಒಯ್ಯುವ ಆಟೋದಲ್ಲಿ ಚಾದರ ಹಾಸಿ ಅವತ್ತೇ ಅವಳನ್ನು ಬೀದರಿಗೆ ಒಯ್ದರು.

ರಕ್ತ ನೋಡಿದ ಬೀದರಿನ ಡಾಕ್ಟರರು ಇನ್ನು ಹದಿನೈದು ದಿನ ತಡೆದಿದ್ದರೆ ತಾಯಿ ಉಳಿಯುವುದು ಕಷ್ಟವಿತ್ತು ಎಂದು ನೇರವಾಗಿ ಹೇಳಿದರು. ಒಂಬತ್ತು ದಿನ ಇಟ್ಟುಕೊಂಡರು. ಹಳದಿ ಗುಳಿಗೆ ನಿಂತಿತು, ಸಲಾಯಿನ್ ಏರಿತು, ಎರಡು ಬಾಟಲಿ ರಕ್ತ ಏರಿತು. ಒಂದನ್ನು ಧನರಾಜ ಕೊಟ್ಟ, ಇನ್ನೊಂದನ್ನು ಅಶೋಕಕುಮಾರ ಕೊಟ್ಟ. ಹಗಲು ಸೊಸೆ, ರಾತ್ರಿ ಮಗಳು. ಪಾಳಿ ಬದಲಾಗುವಾಗ ಇಬ್ಬರೂ ಮೆಟ್ಟಿಲ ಹತ್ತಿರ ಎದುರಾಗುತ್ತಿದ್ದರು.

“ಗಂಜಿ ಕುಡದಾಳೇನು?”

“ಅರ್ಧ ಲೋಟ ಕುಡದಾರ್ರಿ.”

ಅಷ್ಟೇ ಮಾತು.

“ಕೂದ್ಲ ತಿರುಗಿ ಬರ್ತಾವೇನ್ರಿ?” ಎಂದು ಸ್ನೇಹಲ್ ಒಂದು ದಿನ ಡಾಕ್ಟರರನ್ನು ಕೇಳಿದಳು.

“ಬರ್ತಾವಮ್ಮ. ನಾಲ್ಕಾರು ತಿಂಗಳು ಹಿಡೀತದ. ಆ ಗುಳಿಗಿಗೆ ಕೂದ್ಲ ಜರಾ ಉದುರೋದು ಮಾಮೂಲಿ. ಆದ್ರ ಇಷ್ಟು ಉದುರಿದಾಗ ಯಾರಾದರೂ ಬಂದು ಕೇಳಬೇಕಿತ್ತು.”

ಸ್ನೇಹಲ್ ಅದನ್ನು ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಯಾರು ಕೇಳಬೇಕಿತ್ತು ಎಂಬ ಜಗಳ ಸುರುವಾಗುತ್ತದೆ ಎಂದು ಅವಳಿಗೂ ಅಷ್ಟರಲ್ಲಿ ತಿಳಿದಿತ್ತು.

ಹುಮನಾಬಾದಿಗೆ ಮರಳಿದ ಗಯಾಬಾಯಿಯ ಬಾಯಿ ಹದಿನೈದು ದಿನದಲ್ಲಿ ಮಾಯಿತು. ಗುಳಿಗೆ ನಿಂತ ಮೂರನೆಯ ವಾರಕ್ಕೆ ಬೆರಳು ಹಿಡಿಯತೊಡಗಿದವು. ಐದನೆಯ ವಾರಕ್ಕೆ ರೊಟ್ಟಿ ಬಡಿಯುವುದಿರಲಿ, ಮುರಿಯುವುದೂ ಆಗಲಿಲ್ಲ. ವಾರ ಹಂಚಿಕೆಯ ಸುದ್ದಿಯನ್ನು ಈಗ ಯಾರೂ ತೆಗೆಯಲಿಲ್ಲ. ಜಗದೇವಿ ಫೋನಿನಲ್ಲಿ, “ಅಲ್ಲೇ ಇರ್ಲಿ ಬಿಡೋ, ಬಸ್ಸಿನಾಗ ಹೈರಾಣ ಆಗ್ತಾಳ,” ಎಂದಳು. ಧನರಾಜ, “ಹೌದಕ್ಕ, ಆದ್ರ ಮನೀಷಾಗೂ ಕೆಲಸ ಜಾಸ್ತಿ,” ಎಂದ. ಮನೀಷಾ ಅತ್ತೆಗೆ ರೊಟ್ಟಿ ಚೂರು ಮಾಡಿ ಹಾಲು ಹಾಕಿ ಕೊಡುತ್ತಿದ್ದಳು, ಪ್ರೀತಿಯಿಂದಲೇ ಕೊಡುತ್ತಿದ್ದಳು, ಆದರೆ ಕೊಟ್ಟು ಏಳುವಾಗ ಪ್ರತಿ ಸಲ ಸೊಂಟ ಹಿಡಿದು ನಿಟ್ಟುಸಿರು ಬಿಡುತ್ತಿದ್ದಳು. ಆ ಉಸಿರನ್ನು ಗಯಾಬಾಯಿ ಎರಡು ವರ್ಷ ಕೇಳಿದ್ದಳು, ಮತ್ತೆ ಕೇಳುವುದು ಅವಳಿಗೆ ಬೇಡವಾಗಿತ್ತು.

ಆರು ವಾರದ ಮೇಲೆ ಕೀಲಿನ ಡಾಕ್ಟರರು ಕರೆಸಿದರು. ಗುಳಿಗೆ ಕೊಡುತ್ತಿದ್ದವರು ಇಬ್ಬರೂ ಬರಲೇಬೇಕು ಎಂದು ಹೇಳಿ ಕಳಿಸಿದ್ದರು. ಜಗದೇವಿ ಮೊದಲ ಬಸ್ಸಿಗೆ ಬಂದಳು.

ಡಾಕ್ಟರರು ರಕ್ತದ ಕಾಗದ ಎರಡು ಸಲ ಓದಿದರು.

“ಈಗ ಮತ್ತ ಸುರು ಮಾಡಬಹುದು. ಮೊದಲಿನಕಿಂತ ಕಡಿಮಿ ಶಕ್ತಿದು ಬರೀತೀನಿ. ವಾರಕ್ಕ ಒಂದು. ಆದ್ರ ಕೊಡೋ ಕೈ ಒಂದಾ ಇರಬೇಕು. ಯಾರ್ ಕೊಡ್ತೀರಿ ಹೇಳ್ರಿ, ಅವರ ಹೆಸರು ಚೀಟಿ ಮ್ಯಾಲ ಬರೀತೀನಿ.”

ಮೂರು ತಿಂಗಳು ಜಿದ್ದಿಗೆ ಬಿದ್ದು ಕೊಟ್ಟವರು ಈಗ ಒಬ್ಬರ ಕಡೆ ಒಬ್ಬರು ಕೈ ತೋರಿಸಿದರು.

“ಅಕ್ಕೋರಾ ಕೊಡ್ಲಿರಿ,” ಎಂದಳು ಮನೀಷಾ. “ನಾಳೆ ಹೆಚ್ಚುಕಡಿಮಿ ಆದ್ರ ನನ್ನ ಹೆಸರು ಬ್ಯಾಡ.”

“ಇರೋದು ಅವಳ ಮನ್ಯಾಗ ಅಲ್ಲೇನ್ರಿ,” ಎಂದಳು ಜಗದೇವಿ. “ನಾ ಕೊಟ್ಟು ಕೊಟ್ಟಾ ಹಿಂಗಾಯ್ತು ಅಂತ ಆಗಲೇ ಎರಡೂ ಊರಾಗ ಮಾತಾಗ್ಯದ. ನನಗ್ಯಾಕ?”

ಡಾಕ್ಟರರು ಧನರಾಜನ ಕಡೆ ನೋಡಿದರು. ಅವನು ಮೊಬೈಲ್ ನೋಡುತ್ತಿದ್ದ. ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು. ಡಾಕ್ಟರರು ಹೆಸರಿನ ಜಾಗ ಖಾಲಿ ಬಿಟ್ಟು ಚೀಟಿ ಕೊಟ್ಟರು.

ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯಲ್ಲಿ ಫೈಜಲ ಎಂಬ ಯುವಕ ಚೀಟಿ ಓದಿ ಪಟ್ಟಿ ತೆಗೆದು ಕಟ್ಟೆಯ ಮೇಲಿಟ್ಟ.

“ಅಮ್ಮಾ, ಇದು ವಾರಕ್ಕೊಮ್ಮೆ ನೋಡ್ರಿ. ಯಾವ ದಿನ ಅಂತ ಬರೀಲಿ?”

“ಇವತ್ತ ಏನು ವಾರ?” ಎಂದಳು ಗಯಾಬಾಯಿ.

“ಬುಧವಾರ್ರಿ.”

“ಹಂಗಾದ್ರ ಬುಧವಾರ ಬರಿ. ಪಟ್ಟಿ ನಿನ್ನ ಹತ್ರಾನಾ ಇರ್ಲಿ ಬೇಟಾ. ನಾ ವಾರಾ ವಾರಾ ಬರ್ತೀನಿ. ಒಂದು ಒತ್ತಿ ಕೊಡು, ನಿನ್ನ ಮುಂದ ನುಂಗಿ ಹೋಗ್ತೀನಿ. ತಿಂಗಳಾತು ಅಂದ್ರ ರಕ್ತಕ್ಕ ಹೋಗು ಅಂತ ನೀನಾ ನೆನಪು ಮಾಡು.”

ಫೈಜಲ ಅವಳ ಹಿಂದೆ ನಿಂತಿದ್ದ ಮೂವರನ್ನೂ ನೋಡಿದ.

“ಮನ್ಯಾಗ ಕೊಡೋರು ಯಾರೂ ಇಲ್ಲೇನ್ರಿ?”

“ಅದಾರ. ಭಾಳ ಮಂದಿ ಅದಾರ.”

ಜಗದೇವಿಯ ಮುಖ ಕೆಂಪಾಯಿತು. ಪಕ್ಕದಲ್ಲಿ ಔಷಧಿಗೆ ನಿಂತವರು ತಿರುಗಿ ನೋಡುತ್ತಿದ್ದರು.

“ಅವ್ವ, ಮಂದಿ ಮುಂದ ಹಿಂಗ ಮರ್ಯಾದಿ ತೆಗೀಬ್ಯಾಡ. ನಾವೇನು ಸತ್ತೀವೇನು? ಕೊಡು ಇಲ್ಲಿ, ನಾನಾ ಕೊಡ್ತೀನಿ.”

“ಬ್ಯಾಡ್ರಿ ಅಕ್ಕೋರ, ನಾ ಕೊಡ್ತೀನಿ. ಕ್ಯಾಲೆಂಡರ್ ಅದ ನಮ್ಮಲ್ಲಿ,” ಎಂದಳು ಮನೀಷಾ.

“ನಮ್ಮ ಮ್ಯಾಲ ನಂಬಿಕಿ ಇಲ್ಲೇನು ನಿನಗ?” ಎಂದಳು ಜಗದೇವಿ. ಅವಳ ಕಣ್ಣು ತುಂಬಿದ್ದವು.

“ಇತ್ತವ್ವ,” ಎಂದಳು ಗಯಾಬಾಯಿ. “ನಂಬಿಕಿ ಇತ್ತಂತಾನಾ ಎರಡೂ ಮನ್ಯಾಗ ನುಂಗಿದೆ.”

ಫೈಜಲ ಪಟ್ಟಿ ಒತ್ತಿ ಒಂದು ಗುಳಿಗೆಯನ್ನು ಅವಳ ಅಂಗೈಗೆ ಹಾಕಿದ. ಬೆರಳು ಮಡಚಲಿಲ್ಲ. ಬಿಚ್ಚಿದ ಅಂಗೈಯನ್ನೇ ಅವಳು ಬಾಯಿಗೆ ಒಯ್ದಳು. ಕಟ್ಟೆಯ ಮೇಲಿದ್ದ ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಅವಳಿಂದಾಗದೆಂದು ಗೊತ್ತಿದ್ದ ಮಗಳು, ಸೊಸೆ ಇಬ್ಬರೂ ಒಮ್ಮೆಲೇ ಕೈ ಚಾಚಿದರು. ಗಯಾಬಾಯಿ ಎರಡೂ ಅಂಗೈಗಳ ನಡುವೆ ಬಾಟಲಿ ಹಿಡಿದೆತ್ತಿ ಫೈಜಲನ ಮುಂದೆ ಹಿಡಿದಳು.